ಕೊಂದವನು ಹೇಳಿದ ಕಥೆ

ಮಹಾಭಾರತದ ಕಥೆಯನ್ನು ವೈಶಂಪಾಯನನು ಜನಮೇಜಯನಿಗೆ ಹೇಳಿದನೆಂಬುದು ನಮ್ಮಲ್ಲಿ ಎಲ್ಲರಿಗೂ ತಿಳಿದ ಮಾತು. ಆದರೆ ಅದನ್ನು ಹೇಳಿದ ಸಂದರ್ಭವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಂದೆಯಾದ ಪರೀಕ್ಷಿತನನ್ನು ತಕ್ಷಕನು ಕಚ್ಚಿ ಕೊಂದನೆಂಬ ಕೋಪದಿಂದ, ಹಾವುಗಳ ಕುಲವನ್ನೇ ಸುಟ್ಟುಬಿಡಬೇಕೆಂದು ಜನಮೇಜಯನು ಹೂಡಿದ ಸರ್ಪಯಾಗದಲ್ಲಿ ಆ ಕಥೆ ಹೊರಬಂತು. ತಂದೆ ಸತ್ತಾಗ ಅವನಿನ್ನೂ ಎಳೆಯ ಬಾಲಕ. ಆ ಸಾವನ್ನು ಅವನು ಕಣ್ಣಾರೆ ಕಂಡವನಲ್ಲ; ಬೆಳೆದ ಮೇಲೆ ಮಂತ್ರಿಗಳ ಬಾಯಿಂದ ಕೇಳಿ ತಿಳಿದವನು. ಕಾಣದ ಸಾವಿಗೆ ಸೇಡು. ಆ ಸೇಡಿನ ಕುಂಡದ ಪಕ್ಕದಲ್ಲಿ ಕುಳಿತು ಕೇಳಿದ್ದು ಇಡೀ ಕುಲದ ಕಥೆ.

ಈ ಹಳೆಯ ಪ್ರಸಂಗ ನನಗೆ ನೆನಪಾದದ್ದು ೧೯೨೧ರ ಜೂನ್ ತಿಂಗಳಲ್ಲಿ ಬರ್ಲಿನ್ ನಗರದ ಒಂದು ನ್ಯಾಯಾಲಯದಲ್ಲಿ ನಡೆದ ವಿಚಾರಣೆಯ ವೃತ್ತಾಂತವನ್ನು ಓದುತ್ತಿದ್ದಾಗ. ಅಲ್ಲಿ ಆಪಾದಿತನಾಗಿ ನಿಂತಿದ್ದವನು ಇಪ್ಪತ್ತೈದು ವರ್ಷದ ಆರ್ಮೇನಿಯನ್ ತರುಣ, ಸೊಗೊಮೊನ್ ತೆಹ್ಲೀರಿಯನ್. ಹಾಡಹಗಲಲ್ಲಿ, ನಡುಬೀದಿಯಲ್ಲಿ, ತುರ್ಕಿ ಸಾಮ್ರಾಜ್ಯದ ಮಾಜಿ ಪ್ರಧಾನಿ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದವನು. ಕೊಂದೆನೆಂದು ತಾನೇ ಒಪ್ಪಿಕೊಂಡವನು. ಅವನನ್ನು ಜೂರಿ ನಿರ್ದೋಷಿಯೆಂದು ಬಿಟ್ಟುಬಿಟ್ಟಿತು. ಏಕೆ ಬಿಟ್ಟಿತು, ಅವನು ಅಲ್ಲಿ ಹೇಳಿದ ಕಥೆ ಯಾವುದು, ಅದು ಯಾರ ಕಥೆ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಆರ್ಮೇನಿಯನ್ನರು ಬಹು ಹಳೆಯ ಜನ. ಕಪ್ಪು ಸಮುದ್ರಕ್ಕೂ ಕಾಕಸಸ್ ಪರ್ವತಗಳಿಗೂ ದಕ್ಷಿಣದ ಎತ್ತರದ ನಾಡು ಅವರ ಮೂಲಸ್ಥಾನ. ನಾಲ್ಕನೆಯ ಶತಮಾನದ ಮೊದಲಲ್ಲೇ ಕ್ರೈಸ್ತಮತವನ್ನು ರಾಜಧರ್ಮವಾಗಿ ಸ್ವೀಕರಿಸಿದವರು ಅವರು. ವ್ಯಾಪಾರಕ್ಕಾಗಿ ದೇಶದೇಶಗಳನ್ನು ಸುತ್ತಿದ ಈ ಜನ ನಮಗೂ ಅಪರಿಚಿತರಲ್ಲ. ಅವರ ಭಾಷೆಯ ಮೊತ್ತಮೊದಲ ಪತ್ರಿಕೆ ಅಚ್ಚಾದದ್ದು ಅವರ ನಾಡಿನಲ್ಲಲ್ಲ, ೧೭೯೪ರಲ್ಲಿ ಅಂದಿನ ಮದರಾಸಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅವರ ನಾಡು ರಷ್ಯ ಮತ್ತು ತುರ್ಕಿ ಸಾಮ್ರಾಜ್ಯಗಳ ನಡುವೆ ಹರಿದು ಹಂಚಿಹೋಗಿತ್ತು. ತುರ್ಕಿಯ ಪಾಲಿಗೆ ಬಂದ ಭಾಗದಲ್ಲಿ ಅವರು ಎರಡನೆಯ ದರ್ಜೆಯ ಪ್ರಜೆಗಳು. ಹಕ್ಕು ಕೇಳಿದಾಗಲೆಲ್ಲ ಕತ್ತಿಯ ಉತ್ತರ ದೊರೆಯುತ್ತಿತ್ತು. ೧೮೯೪ರಿಂದ ೧೮೯೬ರವರೆಗೆ ಸುಲ್ತಾನ್ ಅಬ್ದುಲ್ ಹಮೀದನ ಕಾಲದಲ್ಲಿ ನಡೆದ ಕಗ್ಗೊಲೆಗಳು ಯೂರೋಪನ್ನೇ ಬೆಚ್ಚಿಬೀಳಿಸಿದ್ದವು.

ಆ ೧೮೯೬ರಲ್ಲಿಯೇ, ಪೂರ್ವ ಅನತೋಲಿಯದ ನೆರ್ಕಿನ್ ಬಗಾರಿಜ್ ಎಂಬ ಹಳ್ಳಿಯಲ್ಲಿ ತೆಹ್ಲೀರಿಯನ್ ಹುಟ್ಟಿದ. ಬೆಳೆದದ್ದು ಎರ್ಜಿಂಜಾನ್ ಪಟ್ಟಣದಲ್ಲಿ. ತಂದೆ ಸಂಪಾದನೆಗಾಗಿ ದೂರದ ಸರ್ಬಿಯ ದೇಶಕ್ಕೆ ಹೋಗಿದ್ದವನು. ಮನೆಯಲ್ಲಿ ಮಕ್ಕಳಿಗೆ ಆಸರೆಯಾಗಿದ್ದವಳು ತಾಯಿ. ಮಗನೂ ಬೆಳೆದ ಮೇಲೆ ತಂದೆಯ ಹಾದಿ ಹಿಡಿದು ಸರ್ಬಿಯಕ್ಕೆ ಹೋದ. ಅಲ್ಲಿಂದ ಮುಂದೆ ಜರ್ಮನಿಗೆ ಹೋಗಿ ಎಂಜಿನಿಯರಿಂಗ್ ಓದಬೇಕೆಂಬುದು ಅವನ ಆಸೆ. ಅಷ್ಟರಲ್ಲಿ ೧೯೧೪ರ ಮಹಾಯುದ್ಧ ಸಿಡಿಯಿತು. ತುರ್ಕಿ ಜರ್ಮನಿಯ ಪಕ್ಷ ಸೇರಿತು. ಕಾಕಸಸ್ಸಿನಲ್ಲಿ ರಷ್ಯದ ಸೈನ್ಯದ ಜೊತೆಗೆ ಹೋರಾಡಲು ಆರ್ಮೇನಿಯನ್ ಸ್ವಯಂಸೇವಕರ ತುಕಡಿಗಳು ಏರ್ಪಟ್ಟವು. ಹದಿನೆಂಟು ವರ್ಷದ ಹುಡುಗ ಪುಸ್ತಕದ ಆಸೆ ಬಿಟ್ಟು ತಿಫ್ಲಿಸ್ ನಗರಕ್ಕೆ ಹೋಗಿ ಬಂದೂಕು ಹಿಡಿದ.

ಇತ್ತ ತುರ್ಕಿಯ ಅಧಿಕಾರ ಐಕ್ಯ ಮತ್ತು ಪ್ರಗತಿ ಸಮಿತಿ ಎಂಬ ಪಕ್ಷದ ಕೈಯಲ್ಲಿತ್ತು. ಆ ಪಕ್ಷದ ಮೂವರು ನಾಯಕರಲ್ಲಿ ತಲಾತನೇ ಹೆಚ್ಚು ಸಮರ್ಥ. ಒಂದು ಕಾಲಕ್ಕೆ ಅಂಚೆ-ತಂತಿ ಇಲಾಖೆಯಲ್ಲಿ ಗುಮಾಸ್ತನಾಗಿದ್ದು, ಯುದ್ಧ ಬಂದಾಗ ಒಳಾಡಳಿತದ ಮಂತ್ರಿಯಾಗಿದ್ದವನು. ೧೯೧೫ರ ಏಪ್ರಿಲ್ ೨೪ರ ರಾತ್ರಿ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಆರ್ಮೇನಿಯನ್ ಮುಖಂಡರನ್ನು, ಕವಿಗಳನ್ನು, ವೈದ್ಯರನ್ನು, ಪತ್ರಿಕಾಕರ್ತರನ್ನು ಹಿಡಿದು ಒಳನಾಡಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಮರಳಲಿಲ್ಲ. ಅನಂತರ ಊರೂರಿಗೂ ತಂತಿಯ ಮೂಲಕ ಆಜ್ಞೆ ಹೋಯಿತು: ಆರ್ಮೇನಿಯನ್ನರೆಲ್ಲರೂ ಊರು ಬಿಟ್ಟು ಹೊರಡಬೇಕು. ಗಂಡಸರನ್ನು ಊರ ಹೊರಗೆ ಬೇರ್ಪಡಿಸಿ ಕೊಂದರು. ಹೆಂಗಸರು, ಮಕ್ಕಳು, ಮುದುಕರು ಸಿರಿಯದ ಮರಳುಗಾಡಿನ ಕಡೆಗೆ ಕಾಲುನಡಿಗೆಯಲ್ಲಿ ಸಾಗಿದರು. ಹಸಿವು, ನೀರಡಿಕೆ, ದರೋಡೆ, ಕೊಲೆ ಇವುಗಳಿಂದ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಎಣಿಸುತ್ತಾರೆ. ಎರ್ಜಿಂಜಾನಿನ ಜನರಿಗೆ ಮರಳುಗಾಡನ್ನು ಕಾಣುವ ಭಾಗ್ಯವೂ ಇರಲಿಲ್ಲ. ಯೂಫ್ರೆಟಿಸ್ ನದಿ ಕೊರೆದ ಕೆಮಾಹ್ ಕಮರಿಯಲ್ಲಿ, ಜೂನ್ ತಿಂಗಳಲ್ಲಿ, ಸಾವಿರಾರು ಮಂದಿಯ ಪ್ರಯಾಣ ಮುಗಿದುಹೋಯಿತು.

೧೯೧೬ರ ಜುಲೈನಲ್ಲಿ ರಷ್ಯದ ಸೈನ್ಯ ಎರ್ಜಿಂಜಾನನ್ನು ಹಿಡಿಯಿತು. ಆಗ ತೆಹ್ಲೀರಿಯನ್ ತನ್ನ ಊರಿಗೆ ಮರಳಿದ. ಊರು ಇತ್ತು, ಊರಿನ ಜನರಿರಲಿಲ್ಲ. ಮನೆ ಇತ್ತು, ಬಾಗಿಲಿಗೆ ಬಂದು ಕರೆಯುವ ತಾಯಿ ಇರಲಿಲ್ಲ. ತನ್ನ ಬಂಧುಬಳಗದಲ್ಲಿ ಎಂಬತ್ತೈದು ಮಂದಿಯನ್ನು ಕಳೆದುಕೊಂಡೆನೆಂದು ಅವನು ಅನಂತರ ಲೆಕ್ಕ ಹೇಳಿದ್ದಾನೆ. ಬರಿದಾದ ಆ ಮನೆಯನ್ನು ಕಂಡ ಮೇಲೆ ಅವನಿಗೆ ಮೂರ್ಛೆಯ ರೋಗ ಅಂಟಿಕೊಂಡಿತು. ಅದು ಬಹುಕಾಲ ಅವನನ್ನು ಬಿಡಲಿಲ್ಲ.

ಯುದ್ಧ ಸೋತ ಮೇಲೆ, ೧೯೧೮ರ ನವೆಂಬರ್ ಆರಂಭದಲ್ಲಿ, ತಲಾತ್ ಮತ್ತು ಅವನ ಸಂಗಡಿಗರು ಜರ್ಮನಿಯ ಹಡಗೊಂದನ್ನು ಹತ್ತಿ ರಾತ್ರೋರಾತ್ರಿ ಪರಾರಿಯಾದರು. ತುರ್ಕಿಯ ಸೈನಿಕ ನ್ಯಾಯಾಲಯವೇ ೧೯೧೯ರ ಜುಲೈ ೫ರಂದು ಅವನಿಗೆ ಮರಣದಂಡನೆ ವಿಧಿಸಿತು. ಇದು ನೆನಪಿಡಬೇಕಾದ ಸಂಗತಿ. ತಲಾತನನ್ನು ಮೊದಲು ಅಪರಾಧಿಯೆಂದು ಸಾರಿದವರು ಆರ್ಮೇನಿಯನ್ನರಲ್ಲ, ಅವನದೇ ದೇಶದ ನ್ಯಾಯಾಧಿಪತಿಗಳು. ಆದರೆ ತೀರ್ಪು ಕಾಗದದ ಮೇಲೆ ಉಳಿಯಿತು. ಅಪರಾಧಿ ಬರ್ಲಿನ್ನಿನ ಷಾರ್ಲೊಟೆನ್‌ಬರ್ಗ್ ಬಡಾವಣೆಯಲ್ಲಿ ಸುಳ್ಳು ಹೆಸರಿಟ್ಟುಕೊಂಡು ನೆಮ್ಮದಿಯಾಗಿದ್ದ. ಜರ್ಮನಿ ಅವನನ್ನು ಒಪ್ಪಿಸಲಿಲ್ಲ. ಗೆದ್ದ ರಾಷ್ಟ್ರಗಳಿಗೂ ಆ ಕಡೆ ಲಕ್ಷ್ಯವಿರಲಿಲ್ಲ.

ರಾಜ್ಯಗಳು ಮಾಡದ ಕೆಲಸವನ್ನು ಆಗ ಒಂದು ಪಕ್ಷ ಕೈಗೆತ್ತಿಕೊಂಡಿತು. ಆರ್ಮೇನಿಯ ೧೯೧೮ರಲ್ಲಿ ಸ್ವತಂತ್ರ ಗಣರಾಜ್ಯವಾಗಿ ತಲೆಯೆತ್ತಿತ್ತು. ಅದರ ರಾಜಧಾನಿ ಯೆರೆವಾನಿನಲ್ಲಿ ೧೯೧೯ರಲ್ಲಿ ಕೂಡಿದ ದಾಷ್ನಾಕ್ ಪಕ್ಷದ ಮಹಾಸಭೆ, ಕೊಲೆಗಳಿಗೆ ಹೊಣೆಗಾರರಾದವರನ್ನು ಹುಡುಕಿ ದಂಡಿಸಬೇಕೆಂದು ಗುಟ್ಟಾಗಿ ನಿಶ್ಚಯಿಸಿತು. ಗ್ರೀಕರ ಪ್ರತೀಕಾರ ದೇವತೆಯ ಹೆಸರಿನಿಂದ ಈ ಯೋಜನೆಯನ್ನು ನೆಮೆಸಿಸ್ ಎಂದು ಕರೆದರು. ಅಮೆರಿಕದಲ್ಲಿ ನೆಲೆಸಿದ್ದ ಆರ್ಮೆನ್ ಗಾರೊ ಮತ್ತು ಷಾಹಾನ್ ನತಾಲಿ ಇದರ ಸೂತ್ರಧಾರರು. ತೆಹ್ಲೀರಿಯನ್ ಅವರ ಕಣ್ಣಿಗೆ ಬೀಳಲು ಕಾರಣ ಮತ್ತೊಂದು ಕೊಲೆ. ಏಪ್ರಿಲ್ ೨೪ರಂದು ಹಿಡಿಯಬೇಕಾದವರ ಪಟ್ಟಿ ತಯಾರಿಸಲು ಪೊಲೀಸರಿಗೆ ನೆರವಾದ ಹಾರುತಿಯುನ್ ಮ್ಗರ್ದಿಚಿಯನ್ ಎಂಬವನನ್ನು, ಯುದ್ಧ ಮುಗಿದ ಮೇಲೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ, ಅವನು ಗುಂಡಿಟ್ಟು ಕೊಂದಿದ್ದ. ಸತ್ತವನು ತುರ್ಕಿಯವನಲ್ಲ, ತಮ್ಮವನೇ ಆದ ಆರ್ಮೇನಿಯನ್.

ಹೀಗೆ ಸೈನಿಕ ಸೇಡುಗಾರನಾದ. ಅಮೆರಿಕಕ್ಕೆ ಹೋಗಿ ಅಪ್ಪಣೆ ಪಡೆದು, ೧೯೨೦ರ ಡಿಸೆಂಬರಿನಲ್ಲಿ ವಿದ್ಯಾರ್ಥಿಯ ವೇಷದಲ್ಲಿ ಬರ್ಲಿನ್ನಿಗೆ ಬಂದ. ಅದೇ ತಿಂಗಳು ಸ್ವತಂತ್ರ ಆರ್ಮೇನಿಯ ಅಳಿದು ಸೋವಿಯತ್ ಆಡಳಿತಕ್ಕೆ ಸೇರಿಹೋಯಿತು. ಬರ್ಲಿನ್ನಿನಲ್ಲಿದ್ದ ಸಣ್ಣ ಗುಂಪೊಂದು ವಾರಗಟ್ಟಲೆ ಬೀದಿ ಬೀದಿ ಹಿಂಬಾಲಿಸಿ ತಲಾತನ ಮನೆಯನ್ನು ಪತ್ತೆಹಚ್ಚಿತು. ಅದು ಹಾರ್ಡೆನ್‌ಬರ್ಗ್ ಬೀದಿಯ ೪ನೆಯ ನಂಬರಿನ ಮನೆ. ಮಾರ್ಚ್ ಮೊದಲ ವಾರದಲ್ಲಿ ತೆಹ್ಲೀರಿಯನ್ ಅದಕ್ಕೆ ಎದುರಾಗಿ, ೩೭ನೆಯ ನಂಬರಿನ ಮನೆಯಲ್ಲಿ ಒಂದು ಕೊಠಡಿ ಹಿಡಿದ. ೧೯೨೧ರ ಮಾರ್ಚ್ ೧೫ರ ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ತಲಾತ್ ಮನೆಯಿಂದ ಹೊರಬಿದ್ದು ಬೀದಿಯಲ್ಲಿ ನಡೆಯತೊಡಗಿದ. ತೆಹ್ಲೀರಿಯನ್ ಇಳಿದು ಬಂದು, ಎದುರಿನಿಂದ ಹಾದು, ಮುಖ ನೋಡಿ ಖಚಿತಪಡಿಸಿಕೊಂಡು, ಹಿಂದಿರುಗಿ ಒಂದೇ ಗುಂಡು ಹೊಡೆದ. ಓಡಿಹೋಗದೆ ನಿಂತು ಪೊಲೀಸರಿಗೆ ಶರಣಾಗಬೇಕೆಂದು ಅವನಿಗೆ ಕಟ್ಟಪ್ಪಣೆ ಇತ್ತು. ಏಕೆಂದರೆ ಆ ಪಕ್ಷಕ್ಕೆ ಬೇಕಾಗಿದ್ದುದು ಒಂದು ಹೆಣವಷ್ಟೇ ಅಲ್ಲ, ಜಗತ್ತು ಕಿವಿಗೊಡುವ ಒಂದು ನ್ಯಾಯಾಲಯ. ಆದರೂ ದೇಹ ಮನಸ್ಸಿನ ಮಾತು ಕೇಳಲಿಲ್ಲ. ಅವನು ಕೆಲವು ಹೆಜ್ಜೆ ಓಡಿದ. ಜನ ಹಿಡಿದು ಚೆನ್ನಾಗಿ ಬಡಿದರು. ಸತ್ತವನೂ ಪರದೇಶಿ, ತಾನೂ ಪರದೇಶಿ, ಇದರಿಂದ ಜರ್ಮನಿಗೆ ಹಾನಿಯಿಲ್ಲವೆಂದು ಅವನು ಹರಕು ಜರ್ಮನ್ ಭಾಷೆಯಲ್ಲಿ ಕೂಗಿದನಂತೆ.

ವಿಚಾರಣೆ ಜೂನ್ ೨ ಮತ್ತು ೩ರಂದು, ಎರಡೇ ದಿನ ನಡೆಯಿತು. ಯುದ್ಧಕಾಲದಲ್ಲಿ ತುರ್ಕಿಯ ಮಿತ್ರನಾಗಿದ್ದ ಜರ್ಮನಿಗೆ ಹಳೆಯ ಕಡತಗಳು ಹೆಚ್ಚು ಬಿಚ್ಚುವುದು ಬೇಕಿರಲಿಲ್ಲ. ತನ್ನ ಬದುಕಿನ ವೃತ್ತಾಂತವನ್ನು ಹೇಳಲು ನ್ಯಾಯಾಧೀಶರು ಆಪಾದಿತನನ್ನು ಕೇಳಿದರು. ಅವನು ಹೇಳಿದ: ೧೯೧೫ರ ಜೂನ್‌ನಲ್ಲಿ ತಾನು ಎರ್ಜಿಂಜಾನಿನಲ್ಲಿಯೇ ಇದ್ದೆ. ಮನೆಯವರೊಡನೆ ಗಡೀಪಾರಿನ ಸಾಲಿನಲ್ಲಿ ನಡೆದೆ. ಕಾವಲಿನ ಸಿಪಾಯಿಗಳೇ ಮೇಲೆರಗಿದರು. ತನ್ನ ಕಣ್ಣೆದುರಿಗೆ ತಾಯಿ ಕುಸಿದುಬಿದ್ದಳು. ಸೋದರನ ತಲೆ ಕೊಡಲಿಯ ಏಟಿಗೆ ಸೀಳಿಹೋಯಿತು. ತಾನು ತಲೆಗೆ ಪೆಟ್ಟು ತಿಂದು, ಹೆಣಗಳ ನಡುವೆ ಪ್ರಜ್ಞೆ ತಪ್ಪಿ ಬಿದ್ದು, ಹೇಗೋ ಬದುಕಿ, ಕುರ್ದ್ ಜನಾಂಗದ ಒಬ್ಬ ಮುದುಕಿಯ ಆಶ್ರಯದಲ್ಲಿ ಚೇತರಿಸಿಕೊಂಡೆ. ಬರ್ಲಿನ್ನಿನಲ್ಲಿ ತಲಾತನನ್ನು ಅಕಸ್ಮಾತ್ತಾಗಿ ಕಂಡೆ. ಸತ್ತ ತಾಯಿ ಕನಸಿನಲ್ಲಿ ಬಂದು, ಅವನಿಲ್ಲಿರುವಾಗಲೂ ನೀನು ಸುಮ್ಮನಿದ್ದೀಯಾ, ನೀನು ನನ್ನ ಮಗನಲ್ಲ ಎಂದಳು. ತಾನು ಮನುಷ್ಯನೊಬ್ಬನನ್ನು ಕೊಂದದ್ದು ನಿಜ, ಆದರೆ ಕೊಲೆಗಾರನಲ್ಲ. ತನ್ನ ಅಂತಃಸಾಕ್ಷಿ ನಿರ್ಮಲವಾಗಿದೆ.

ಕೇಳಿದವರ ಕಣ್ಣು ಒದ್ದೆಯಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ವೃತ್ತಾಂತದ ಮುಖ್ಯ ಭಾಗ ಅವನ ಅನುಭವವಾಗಿರಲಿಲ್ಲ. ಓದುಗರು ಹಿಂದೆಯೇ ಗಮನಿಸಿರಬಹುದು: ೧೯೧೫ರ ಆ ಜೂನ್‌ನಲ್ಲಿ ಅವನು ಎರ್ಜಿಂಜಾನಿನಲ್ಲಿರಲಿಲ್ಲ. ನೂರಾರು ಮೈಲಿ ದೂರದಲ್ಲಿ, ಸ್ವಯಂಸೇವಕರ ತುಕಡಿಯಲ್ಲಿ ಇದ್ದ. ತಾಯಿಯ ಸಾವನ್ನು ಅವನು ಕಾಣಲಿಲ್ಲ. ತಲಾತನನ್ನು ಕಂಡದ್ದೂ ಅಕಸ್ಮಾತ್ತಲ್ಲ. ಇದನ್ನೆಲ್ಲ ಬಯಲು ಮಾಡಿದವನು ಅವನೇ. ೧೯೫೩ರಲ್ಲಿ ಕೈರೋ ನಗರದಲ್ಲಿ ಆರ್ಮೇನಿಯನ್ ಭಾಷೆಯಲ್ಲಿ ಅಚ್ಚಾದ ತನ್ನ ನೆನಪುಗಳಲ್ಲಿ.

ಹಾಗಾದರೆ ಅವನು ಏಕೆ ಸುಳ್ಳು ಹೇಳಿದ? ಹೊರಗಿನ ಕಾರಣ ಸುಲಭವಾಗಿ ತಿಳಿಯುತ್ತದೆ. ಒಂದು ಗುಪ್ತ ಸಂಘ ಕಳಿಸಿದ ಆಳು ತಾನೆಂದು ಹೇಳಿದ್ದರೆ ಅದು ಮುಂಚಿತವಾಗಿ ಯೋಚಿಸಿ ಮಾಡಿದ ಕೊಲೆಯಾಗುತ್ತಿತ್ತು. ತಲೆ ಉಳಿಯುವುದು ಕಷ್ಟವಾಗುತ್ತಿತ್ತು. ಸಂಗಡಿಗರೂ ಸಿಕ್ಕಿಬೀಳುತ್ತಿದ್ದರು. ಶತ್ರುಸೈನ್ಯದಲ್ಲಿ ಹೋರಾಡಿದವನೆಂದು ತಿಳಿದಿದ್ದರೆ ಜರ್ಮನ್ ಜೂರಿಯ ಕನಿಕರವೂ ಅರ್ಧಕ್ಕಿಳಿಯುತ್ತಿತ್ತು. ಆದರೆ ಒಳಗಿನ ಕಾರಣವೊಂದು ಇದ್ದಿರಬಹುದೆಂದು ನನಗೆ ತೋರುತ್ತದೆ. ನಾಡಿನ ಬಿಡುಗಡೆಗಾಗಿ ಹೋರಾಡಲು ಹೋದ ಮಗ, ತನ್ನ ತಾಯಿಯನ್ನು ಕೊಲ್ಲುವಾಗ ಪಕ್ಕದಲ್ಲಿರಲಿಲ್ಲ. ಬಂದೂಕು ಹಿಡಿದಿದ್ದ ಕೈ ಬೇಕಾದ ಕಡೆ ಬೇಕಾದ ಹೊತ್ತಿಗೆ ಒದಗಲಿಲ್ಲ. ಅಂಥ ಮಗನಿಗೆ ಕಾಣದ ಸಾವು ಕಂಡ ಸಾವಿಗಿಂತ ಹೆಚ್ಚಿನ ಹಿಂಸೆ ಕೊಡುತ್ತದೆ. ಸಾವಿರ ಸಲ ಮನಸ್ಸಿನಲ್ಲಿ ಕಟ್ಟಿ ನೋಡಿದ ದೃಶ್ಯವನ್ನು ಅವನು ನ್ಯಾಯಾಲಯದಲ್ಲಿ ತನ್ನದೆಂದು ಹೇಳಿರಬೇಕು. ಅಲ್ಲಿಯಾದರೂ ಅವನು ತಾಯಿಯ ಪಕ್ಕದಲ್ಲಿದ್ದ.

ಇದರಿಂದ ಆ ವಿಚಾರಣೆಯಲ್ಲಿ ಹೊರಬಂದ ಸತ್ಯವೆಲ್ಲ ಸುಳ್ಳಾಗುತ್ತದೆಯೆ? ಹಾಗೆ ವಾದಿಸುವವರು ಇದ್ದಾರೆ. ಕೊಂದವನ ಮಾತು ಕಲ್ಪಿತವೆಂದಮೇಲೆ ಕೊಲೆಗಳ ಕಥೆಯೂ ಕಲ್ಪಿತವೆನ್ನುವುದು ಅವರ ತರ್ಕ. ಇದಕ್ಕೆ ಉತ್ತರ ಅದೇ ನ್ಯಾಯಾಲಯದ ದಾಖಲೆಯಲ್ಲಿದೆ. ತೆಹ್ಲೀರಿಯನ್ನನ ನಂತರ ಕ್ರಿಸ್ಟೀನ್ ತೆರ್ಜಿಬಾಷಿಯನ್ ಎಂಬ ಹೆಣ್ಣುಮಗಳು ಸಾಕ್ಷಿ ಹೇಳಿದಳು. ಗಡೀಪಾರಿನ ಸಾಲಿನಲ್ಲಿ ನಿಜವಾಗಿ ನಡೆದು ಬದುಕಿ ಬಂದವಳು ಆಕೆ. ಅವಳ ಕುಟುಂಬದಲ್ಲಿದ್ದವರು ಇಪ್ಪತ್ತೊಂದು ಮಂದಿ, ಉಳಿದವರು ಮೂವರು. ಏಪ್ರಿಲ್ ೨೪ರ ರಾತ್ರಿ ಹಿಡಿದೊಯ್ದವರಲ್ಲಿ ಒಬ್ಬರಾಗಿದ್ದು ಬದುಕಿ ಉಳಿದ ಪಾದ್ರಿ ಗ್ರಿಗೊರಿಸ್ ಬಾಲಕಿಯನ್ ತಾವು ಕಂಡದ್ದನ್ನು ಹೇಳಿದರು. ಜರ್ಮನಿಯವರೇ ಆದ ಪಾದ್ರಿ ಯೋಹಾನೆಸ್ ಲೆಪ್ಸಿಯುಸ್, ತಾವು ವರ್ಷಗಟ್ಟಲೆ ಕೂಡಿಹಾಕಿದ್ದ ವರದಿಗಳ ಆಧಾರದ ಮೇಲೆ ಗಡೀಪಾರಿನ ವ್ಯಾಪ್ತಿಯನ್ನು ವಿವರಿಸಿದರು. ಯುದ್ಧಕಾಲದಲ್ಲಿ ತುರ್ಕಿಯ ಸೈನ್ಯದಲ್ಲಿ ಅಧಿಕಾರ ನಡೆಸಿದ್ದ ಜರ್ಮನ್ ಸೇನಾನಿ ಲೀಮನ್ ಫಾನ್ ಸಾಂಡರ್ಸನನ್ನೂ ಕರೆಸಿ ಕೇಳಿದರು. ಇವರಲ್ಲಿ ಯಾರೂ ತೆಹ್ಲೀರಿಯನ್ನನ ಮಾತಿನ ಮೇಲೆ ನಿಂತವರಲ್ಲ. ಅವನ ಕಥೆಯನ್ನು ಪೂರ್ತಿ ತೆಗೆದುಹಾಕಿದರೂ ಇವರ ಸಾಕ್ಷಿ ಕದಲುವುದಿಲ್ಲ.

ವೈದ್ಯರು ಅವನ ಮೂರ್ಛೆಯ ರೋಗವನ್ನೂ ಮನಸ್ಸಿನ ಸ್ಥಿತಿಯನ್ನೂ ಕುರಿತು ಬಗೆಬಗೆಯ ಅಭಿಪ್ರಾಯ ಕೊಟ್ಟರು. ಹನ್ನೆರಡು ಮಂದಿಯ ಜೂರಿ ಸುಮಾರು ಒಂದು ಗಂಟೆ ಆಲೋಚಿಸಿತು. ಉದ್ದೇಶಪೂರ್ವಕವಾಗಿ ಕೊಂದ ಅಪರಾಧಿಯೇ ಎಂಬ ಪ್ರಶ್ನೆಗೆ ಉತ್ತರ: ಅಲ್ಲ. ಕಾರಣವನ್ನು ಜೂರಿ ಹೇಳಬೇಕಾಗಿರಲಿಲ್ಲ, ಹೇಳಲೂ ಇಲ್ಲ. ಆಪಾದಿತನ ಕಣ್ಣೀರಿಗೆ ಕರಗಿತೋ, ಸಾಕ್ಷಿಗಳ ಮಾತಿಗೆ ತಲೆಬಾಗಿತೋ, ತಮ್ಮ ದೇಶದ ಮೌನಕ್ಕೆ ನಾಚಿತೋ, ಈಗ ಹೇಳುವವರಾರು?

ಆದರೆ ಆ ತೀರ್ಪು ಒಂದು ದೊಡ್ಡ ಪ್ರಶ್ನೆಯನ್ನು ಬಿಟ್ಟುಹೋಯಿತು. ರಾಫೇಲ್ ಲೆಮ್ಕಿನ್ ಎಂಬ ಪೋಲೆಂಡಿನ ಯೆಹೂದಿ ವಿದ್ಯಾರ್ಥಿ ತನ್ನ ಪ್ರಾಧ್ಯಾಪಕರನ್ನು ಈ ಮೊಕದ್ದಮೆಯ ಬಗ್ಗೆ ಕೇಳಿದನಂತೆ: ಒಬ್ಬನನ್ನು ಕೊಂದ ತೆಹ್ಲೀರಿಯನ್ ಕಟಕಟೆಯಲ್ಲಿ ನಿಲ್ಲಬೇಕಾಯಿತು, ಲಕ್ಷಾಂತರ ಜನರನ್ನು ಕೊಲ್ಲಿಸಿದವನನ್ನು ಏಕೆ ಯಾರೂ ಹಿಡಿಯಲಿಲ್ಲ? ರೈತನೊಬ್ಬ ತನ್ನ ಕೋಳಿಗಳನ್ನು ಕೊಂದರೆ ಪಕ್ಕದವರಿಗೆ ಅದರ ಗೊಡವೆ ಏಕೆ ಎಂದು ಪ್ರಾಧ್ಯಾಪಕರು ಉತ್ತರಿಸಿದರಂತೆ. ಅಂದಿನ ಅಂತರರಾಷ್ಟ್ರೀಯ ನ್ಯಾಯದ ಸ್ಥಿತಿ ಅದು. ಪ್ರಜೆಗಳು ಕೋಳಿಗಳಲ್ಲ ಎಂಬ ಸರಳ ಮಾತನ್ನು ಕಾನೂನಿನ ಭಾಷೆಗೆ ತರಲು ಲೆಮ್ಕಿನ್ ತನ್ನ ಆಯುಸ್ಸನ್ನೇ ಕಳೆದ. ಹಿಟ್ಲರನ ಕೈಯಲ್ಲಿ ತನ್ನ ಬಂಧುಗಳನ್ನೂ ಕಳೆದುಕೊಂಡ. ೧೯೪೪ರಲ್ಲಿ ಇಂಥ ಅಪರಾಧಕ್ಕೆ ಜೆನೊಸೈಡ್, ಎಂದರೆ ಜನಾಂಗಹತ್ಯೆ, ಎಂಬ ಹೆಸರನ್ನು ಟಂಕಿಸಿದವನು ಅವನೇ. ೧೯೪೮ರ ಡಿಸೆಂಬರ್ ೯ರಂದು ವಿಶ್ವಸಂಸ್ಥೆ ಅದನ್ನು ಅಪರಾಧವೆಂದು ಸಾರುವ ಒಡಂಬಡಿಕೆಯನ್ನು ಅಂಗೀಕರಿಸಿತು. ಜನಮೇಜಯನ ಯಾಗವನ್ನು ನಿಲ್ಲಿಸಲು ಆಸ್ತೀಕನೆಂಬ ಋಷಿಕುಮಾರ ಬಂದ. ಸೇಡು ನಿಲ್ಲಬೇಕಾದರೆ ಅದರ ಜಾಗಕ್ಕೆ ಬೇರೊಂದು ನ್ಯಾಯ ಬರಬೇಕು ಎಂಬುದನ್ನು ಲೆಮ್ಕಿನ್ ಕಂಡುಕೊಂಡಿದ್ದ.

ಅಲ್ಲಿಯವರೆಗೆ ಸೇಡು ತನ್ನ ದಾರಿಯಲ್ಲಿ ನಡೆಯಿತು. ೧೯೨೧ರ ಡಿಸೆಂಬರಿನಲ್ಲಿ ಮಾಜಿ ಪ್ರಧಾನಿ ಸಯೀದ್ ಹಲೀಮ್ ಪಾಷಾ ರೋಮ್ ನಗರದಲ್ಲಿ ಸತ್ತ. ೧೯೨೨ರ ಏಪ್ರಿಲಿನಲ್ಲಿ ಬರ್ಲಿನ್ನಿನಲ್ಲಿ ಮತ್ತಿಬ್ಬರು, ಜುಲೈನಲ್ಲಿ ತಿಫ್ಲಿಸಿನಲ್ಲಿ ಜೆಮಾಲ್ ಪಾಷಾ. ಆದರೆ ಎರ್ಜಿಂಜಾನಿನ ಒಂದು ಮನೆಯಾದರೂ ಇದರಿಂದ ತುಂಬಲಿಲ್ಲ. ತುರ್ಕಿಯ ಪಾಲಿನ ಆರ್ಮೇನಿಯನ್ನರಿಗೆ ಊರು ಮರಳಿ ಸಿಗಲಿಲ್ಲ.

ತೆಹ್ಲೀರಿಯನ್ನನಿಗೂ ಸಿಗಲಿಲ್ಲ. ಬಿಡುಗಡೆಯಾದಾಗ ಅವನಿಗೆ ಇಪ್ಪತ್ತೈದು ವರ್ಷ. ಮುಂದೆ ಬದುಕಿದ್ದು ಮೂವತ್ತೊಂಬತ್ತು ವರ್ಷ. ಕೊಲ್ಲುವ ಕೆಲಸಕ್ಕೆ ಮತ್ತೆ ಕೈಹಾಕಲಿಲ್ಲ. ತನ್ನ ಊರಿನವಳೇ ಆದ ಅನಾಹಿತಳನ್ನು ಮದುವೆಯಾದ. ಯುಗೊಸ್ಲಾವಿಯದಲ್ಲಿ ಸಾಮಾನ್ಯ ಗೃಹಸ್ಥನಂತೆ, ಹೆಚ್ಚು ಮಾತಿಲ್ಲದೆ ಬಾಳಿದ. ೧೯೫೦ರಲ್ಲಿ ಅಲ್ಲಿಂದ ಎದ್ದು ಕಾಸಾಬ್ಲಾಂಕಾ, ಅಲ್ಲಿಂದ ಪ್ಯಾರಿಸ್, ಕೊನೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ. ತಲಾತ್ ಸುಳ್ಳು ಹೆಸರಿನಲ್ಲಿ ಬರ್ಲಿನ್ನಿನಲ್ಲಿ ಅಡಗಿದ್ದ. ಅವನನ್ನು ಕೊಂದವನೂ ಸೇಡಿನ ಭಯದಿಂದ ಬೇರೆ ಹೆಸರನ್ನು ಹೊದ್ದುಕೊಳ್ಳಬೇಕಾಯಿತು. ೧೯೪೩ರಲ್ಲಿ, ನಾಜಿ ಜರ್ಮನಿ ತಲಾತನ ಅಸ್ಥಿಯನ್ನು ತುರ್ಕಿಗೆ ಕಳಿಸಿಕೊಟ್ಟಿತು. ಇಸ್ತಾಂಬುಲ್ಲಿನಲ್ಲಿ ಗೌರವದೊಡನೆ ಅದರ ಸಮಾಧಿಯಾಯಿತು. ಕೊಲ್ಲಿಸಿದವನು ಸತ್ತ ಮೇಲಾದರೂ ಊರಿಗೆ ಮರಳಿದ. ಕೊಂದವನಿಗೆ ಅದೂ ಇಲ್ಲ.

೧೯೬೦ರ ಮೇ ೨೩ರಂದು ತೆಹ್ಲೀರಿಯನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದ ಅರರಾತ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಎತ್ತರದ ಕಂಬ; ಅದರ ತುದಿಯಲ್ಲಿ ಹಾವನ್ನು ಕೊಲ್ಲುತ್ತಿರುವ ಬಂಗಾರದ ಬಣ್ಣದ ಹದ್ದು. ನಮ್ಮ ಗರುಡನ ಕಥೆ ಬಲ್ಲವರಿಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಜರ್ಮನಿಯ ಸಂಸತ್ತು ೨೦೧೬ರಲ್ಲಿ, ಅಮೆರಿಕದ ಅಧ್ಯಕ್ಷರು ೨೦೨೧ರಲ್ಲಿ ೧೯೧೫ರ ಘಟನೆಗಳನ್ನು ಜನಾಂಗಹತ್ಯೆಯೆಂದೇ ಕರೆದರು. ತುರ್ಕಿಯ ಸರ್ಕಾರ ಮಾತ್ರ ಈ ಹೆಸರನ್ನು ಈವರೆಗೂ ಒಪ್ಪಿಲ್ಲ.

ಒಪ್ಪದವರ ಎದುರಿಗೆ ನಿಂತಾಗ ತೆಹ್ಲೀರಿಯನ್ನನ ಸುಳ್ಳನ್ನು ಮುಚ್ಚಿಡಬೇಕೆಂದು ಅನ್ನಿಸುವುದು ಸಹಜ. ಮುಚ್ಚಿಡುವುದು ತಪ್ಪೆಂದು ನನ್ನ ಅಭಿಪ್ರಾಯ. ವೀರನ ಮಾತೆಲ್ಲ ನಿಜವಾಗಿರಲೇಬೇಕೆಂಬುದು ಕಥೆಯ ನಿಯಮ, ಚರಿತ್ರೆಯ ನಿಯಮವಲ್ಲ. ಅವನೇ ಮೂವತ್ತೆರಡು ವರ್ಷಗಳ ತರುವಾಯ ಬಾಯಿಬಿಟ್ಟು ಹೇಳಿದ್ದನ್ನು ನಾವು ಮರೆಮಾಚುವುದು ಅವನಿಗೂ ಗೌರವವಲ್ಲ. ಸ್ಮಶಾನದ ಕಂಬ ಅವನಿಗೆ ಸಲ್ಲಲಿ. ಆದರೆ ೧೯೨೧ರಲ್ಲಿಯೇ ಅಚ್ಚಾದ ಆ ವಿಚಾರಣೆಯ ದಾಖಲೆಯನ್ನು ತೆರೆದವರು ಅವನ ಮಾತಿನ ಬಳಿಯೇ ನಿಲ್ಲದೆ ಇನ್ನಷ್ಟು ಪುಟ ತಿರುಗಿಸಬೇಕು. ಅಲ್ಲಿ ಯಾರನ್ನೂ ಕೊಲ್ಲದ, ಯಾವ ಕಂಬವೂ ಇಲ್ಲದ ಆ ಹೆಣ್ಣುಮಗಳು, ಇಪ್ಪತ್ತೊಂದು ಜನರಲ್ಲಿ ಎಷ್ಟು ಮಂದಿ ಉಳಿದರೆಂಬ ಪ್ರಶ್ನೆಗೆ, ಮೂವರು ಎಂದು ಉತ್ತರ ಹೇಳುತ್ತಿದ್ದಾಳೆ.